ಲಿಫ್ಟಿನ ಹಿಂದಿನ ಭಾರ

ಪಿಂಚಣಿ ಬರುವ ದಿನ ಬಂದು ಹೋಯಿತು. ಪಿಂಚಣಿ ಮಾತ್ರ ಬರಲಿಲ್ಲ. ಅಂಚೆ ಕಚೇರಿಯ ಮುಂದೆ ಬೆಳಿಗ್ಗೆಯಿಂದ ನಿಂತಿದ್ದ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮನೆಗೆ ಮರಳಿದರು. ಮುಂದಿನ ವಾರವೂ ಅದೇ ಹಾಡು.

ಆ ಸಾಲಿನಲ್ಲಿ ಕಂಡಕ್ಟರಮ್ಮನೂ ಇದ್ದರು. ಕಾಲಿಗೆ ಶಕ್ತಿಯಿದ್ದಷ್ಟು ಕಾಲ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದವರು. ಕೆಲಸ ಬಿಟ್ಟು ಎಷ್ಟು ವರ್ಷವಾದರೂ ಬೀದಿಗೆಲ್ಲ ಅವರು ಕಂಡಕ್ಟರಮ್ಮನೇ. ಧ್ವನಿಯೂ ಹಾಗೇ ಉಳಿದಿದೆ. ಅಡುಗೆಮನೆಯಿಂದ ಮೊಮ್ಮಗಳನ್ನು ಕೂಗಿದರೆ ಪಕ್ಕದ ಮನೆಯ ಮಕ್ಕಳೂ ಎದ್ದು ನಿಲ್ಲುತ್ತಾರೆ. ಅವರ ಮಗ ಲಿಫ್ಟ್ ರಿಪೇರಿ ಮಾಡುವವನು, ಹಾಗಾಗಿ ಅವನು ಎಲ್ಲರಿಗೂ ಲಿಫ್ಟಣ್ಣ. ಕೆಲಸದಲ್ಲಿ ಚುರುಕು, ಮಾತು ಒರಟು, ಮನಸ್ಸು ಮೆತ್ತಗೆ. ತಲೆಗೆ ಒಂದು ವಿಷಯ ಹೊಕ್ಕಿತೆಂದರೆ ಮಾತ್ರ ಸ್ಪ್ಯಾನರ್ ಹಾಕಿ ತಿರುಗಿಸಿದರೂ ಹೊರಗೆ ಬರುವುದಿಲ್ಲ.

ಈಗ ಹೊಕ್ಕಿದ್ದು ಪಿಂಚಣಿಯ ವಿಷಯ.

"ನಾನು ಹೇಳಿರಲಿಲ್ವಾ?" ಎಂದ ಸಂಜೆ ಟೀ ಲೋಟ ಹಿಡಿದು. "ತಿಂಗಳು ತಿಂಗಳು ಪಿಂಚಣಿಗೆ ಅಂತ ನನ್ನ ಸಂಬಳದಲ್ಲಿ ಹಿಡೀತಾರೆ. ನಾನು ಮುದುಕ ಆದ್ಮೇಲೆ ಡಬ್ಬ ತೆಗೆದು ನೋಡಿದ್ರೆ ಏನಿರುತ್ತೆ? ಗಾಳಿ! ಭಾನುವಾರದ ಸಭೆಯಲ್ಲಿ ಎದ್ದು ನಿಂತು ಹೇಳಿಬಿಡ್ತೀನಿ. ನಮ್ಮ ದುಡ್ಡು ನಮಗೆ ಬಿಡಿ, ಅವರವರ ಮುಪ್ಪು ಅವರವರು ನೋಡ್ಕೋತಾರೆ ಅಂತ."

ಸಭೆ ಕರೆದಿದ್ದಕ್ಕೆ ಕಾರಣವಿತ್ತು. ಪಿಂಚಣಿಯ ಕಾನೂನು ಬದಲಿಸುವ ಮಾತು ನಡೆದಿತ್ತು. ಎಲ್ಲರಿಂದಲೂ ಇನ್ನಷ್ಟು ಹಣ ಸೇರಿಸಿ ಪಿಂಚಣಿ ಉಳಿಸಬೇಕು ಎಂದು ಒಂದು ಕಡೆಯವರು, ಬೇಡವೆಂದವರನ್ನು ಬಿಟ್ಟುಬಿಡಿ ಎಂದು ಇನ್ನೊಂದು ಕಡೆಯವರು. ಇಬ್ಬರ ಹಗ್ಗಜಗ್ಗಾಟದಲ್ಲಿ ಆ ತಿಂಗಳ ಹಣವೂ ಬಿಡುಗಡೆಯಾಗದೆ ನಿಂತಿತ್ತು. ಜನ ಏನನ್ನುತ್ತಾರೆ ಎಂದು ಕೇಳಲು, ಈ ಕಾನೂನಿಗೆ ಮತ ಹಾಕಬೇಕಾದ ಆ ಭಾಗದ ಚುನಾಯಿತ ಸದಸ್ಯರು ಭಾನುವಾರ ವಾಚನಾಲಯಕ್ಕೆ ಬರುವವರಿದ್ದರು.

ಎದುರು ಮನೆಯ ಪೋಸ್ಟಕ್ಕ ಅಂದು ಟೀಗೆ ಬಂದಿದ್ದರು. ಅಂಚೆ ಕಚೇರಿಯಲ್ಲಿ ಪಿಂಚಣಿ ಕೊಡುವ ಕೌಂಟರಿನಲ್ಲಿ ಕೂರುವವರು ಅವರೇ. ಬೆಳಿಗ್ಗೆಯಿಂದ ಬೈಸಿಕೊಂಡು ಸಾಕಾಗಿದ್ದರೂ ನಕ್ಕರು.

"ಡಬ್ಬ ಎಲ್ಲಿದೆಯಪ್ಪ, ನನಗೂ ತೋರಿಸು."

"ಅಂದ್ರೆ?"

"ನಿನ್ನ ಹೆಸರು ಬರೆದು ಬೀಗ ಹಾಕಿಟ್ಟ ಡಬ್ಬ ಯಾವುದೂ ಇಲ್ಲ ಕಣೋ. ಇವತ್ತು ನಿನ್ನ ಹತ್ರ ಹಿಡಿದಿದ್ದು ಬಹುಪಾಲು ಇವತ್ತಿನ ಹಿರಿಯರಿಗೇ ಹೋಗುತ್ತೆ. ನಿಮ್ಮಮ್ಮ ಬಸ್ಸಲ್ಲಿ ನಿಂತು ದುಡಿದಾಗ ಅವರ ದುಡ್ಡು ಅವತ್ತಿನ ಹಿರಿಯರಿಗೆ ಹೋಯ್ತು. ನಾಳೆ ನಿನಗೆ ಇವತ್ತಿನ ಮಕ್ಕಳು ಕೊಡ್ತಾರೆ."

"ಕೊಡ್ತಾರೆ ಅನ್ನೋಕೆ ಗ್ಯಾರಂಟಿ ಏನಕ್ಕಾ?"

"ಕೇಳಬೇಕಾದ ಪ್ರಶ್ನೆ ಅದೇ. ದುಡಿಯೋ ವಯಸ್ಸಿನವರು ಕಮ್ಮಿ ಆಗ್ತಿದ್ದಾರೆ, ಹಿರಿಯರು ಮೊದಲಿಗಿಂತ ಹೆಚ್ಚು ಕಾಲ ಬದುಕ್ತಿದ್ದಾರೆ. ಸಂತೋಷವೇ. ಆದ್ರೆ ದುಡ್ಡು ಎಲ್ಲಿಂದಲಾದ್ರೂ ಬರಬೇಕಲ್ಲ? ನಾವೆಲ್ಲ ಸ್ವಲ್ಪ ಜಾಸ್ತಿ ಕೊಡೋದಾ, ಹೆಚ್ಚು ಇರೋರು ಹೆಚ್ಚು ಕೊಡೋದಾ, ಇನ್ನಷ್ಟು ವರ್ಷ ದುಡಿಯೋದಾ? ಯಾವುದೂ ಪುಕ್ಕಟೆ ಅಲ್ಲ. ನಾವು ಬಾಯಿ ಬಿಡದಿದ್ರೆ ನಮ್ಮ ಪರವಾಗಿ ಬೇರೆ ಯಾರೋ ತೀರ್ಮಾನ ಮಾಡ್ತಾರೆ."

"ಅದೆಲ್ಲ ನನಗೆ ಬೇಡ. ಈ ಮನೆಯ ಭಾರ ಪೂರ್ತಿ ನಾನೊಬ್ಬನೇ ಎಳೀತಿದ್ದೀನಿ. ಅದರ ಮೇಲೆ ಊರವರದ್ದೂ ಎಳೀಬೇಕಾ?"

ಒಳಗಿನಿಂದ ಹೆಂಡತಿ, "ರೀ, ಮೆಲ್ಲಗೆ" ಎಂದಳು. ಕಂಡಕ್ಟರಮ್ಮ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. "ಬೆಳಿಗ್ಗೆ ಬೇಗ ಏಳಬೇಕು, ವಾಕಿಂಗ್ ಇದೆ" ಎಂದಷ್ಟೇ ಕೇಳಿಸಿತು. ಪಿಂಚಣಿ ನಿಂತಾಗಿನಿಂದ ಅವರಿಗೆ ವಾಕಿಂಗ್ ಹುಚ್ಚು ಹಿಡಿದಿತ್ತು. ಮಂಡಿಗೆ ಒಳ್ಳೆಯದಂತೆ.

ಶನಿವಾರ ಬೆಳಿಗ್ಗೆ ಲಿಫ್ಟಣ್ಣನಿಗೆ ಪೇಟೆಯ ಹಳೆಯ ಕಟ್ಟಡವೊಂದರಿಂದ ಕರೆ ಬಂತು. ಕೆಳಗೆ ವಕೀಲರ ಕಚೇರಿ, ಮೇಲೆ ಹಲ್ಲಿನ ಡಾಕ್ಟರು, ಅದರ ಮೇಲಿನ ಮಹಡಿಗಳಲ್ಲೆಲ್ಲ ಟ್ಯೂಷನ್ ಕೊಠಡಿಗಳು. ಲಿಫ್ಟ್ ಮೇಲೇರುವಾಗ ಕಿರುಗುಟ್ಟುತ್ತಿತ್ತು. ಬಾಗಿಲಿಗೆ 'ಕೆಲಸ ನಡೆಯುತ್ತಿದೆ' ಎಂಬ ಫಲಕ ತೂಗುಹಾಕಿ, ವಿದ್ಯುತ್ ತೆಗೆದು, ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಅರ್ಧ ಗಂಟೆ ತಪಾಸಣೆ ಮಾಡಿ, ಚೀಲ ಹೆಗಲಿಗೇರಿಸಿ ಮೆಟ್ಟಿಲು ಹತ್ತತೊಡಗಿದ.

ನಾಲ್ಕನೇ ಮಹಡಿಯ ತಿರುವಿನಲ್ಲಿ ಮೇಲಿನಿಂದ ಒಂದು ಧ್ವನಿ ಬಂತು.

"ಮೆಟ್ಟಿಲು ಒದ್ದೆ ಇದೆ, ಕಂಬಿ ಹಿಡ್ಕೊಳ್ಳಿ! ನಿಂತ್ಕೋಬೇಡಿ, ಮುಂದೆ ಹೋಗಿ, ಮುಂದೆ ಹೋಗಿ!"

ಆ ಧ್ವನಿ ಅವನಿಗೆ ಹುಟ್ಟಿದಾಗಿನಿಂದ ಗೊತ್ತು. ತಲೆ ಎತ್ತಿ ನೋಡಿದರೆ ಅಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ನೆಲ ಒರೆಸುವ ಮಾಪು ಎಳೆಯುತ್ತಿದ್ದರು. ಪಕ್ಕದಲ್ಲಿ ತುಂಬಿದ ಬಕೆಟ್ಟು. ಆ ಬಕೆಟ್ಟು ದಿನವೂ ಲಿಫ್ಟಿನಲ್ಲಿ ಮೇಲೆ ಬರುತ್ತಿತ್ತು. ಇಂದು ಅದನ್ನು ಅಮ್ಮ ಹೊತ್ತು ತಂದಿದ್ದರು. ಲಿಫ್ಟ್ ನಿಲ್ಲಿಸಿದವನು ತಾನೇ.

ಲಿಫ್ಟಣ್ಣ ಎರಡೆರಡು ಮೆಟ್ಟಿಲು ಹತ್ತಿ ಅಮ್ಮನ ಎದುರು ನಿಂತ.

"ಇದೇನಮ್ಮಾ? ಇದಾ ವಾಕಿಂಗು?"

"ಓ, ನೀನಾ," ಎಂದು ಕಂಡಕ್ಟರಮ್ಮ ಮೆಟ್ಟಿಲ ಮೇಲೆ ಕುಳಿತರು. ಕಳ್ಳತನ ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ಒಮ್ಮೆ ನಕ್ಕರು. "ಮಾತ್ರೆ ಮುಗಿದಿತ್ತು ಕಣೋ. ಮಗೂನ ಸ್ಕೂಲ್ ವ್ಯಾನಿನವನೂ ಕೇಳ್ತಿದ್ದ. ಕರೆಂಟ್ ಬಿಲ್ಲು ಬೇರೆ."

"ವ್ಯಾನು, ಕರೆಂಟು ಎಲ್ಲ ನೀನು ಕೊಡ್ತಿದ್ದೆಯಾ?"

"ಮತ್ತೆ? ಯಾರು ಕೊಡ್ತಾರೆ ಅಂದ್ಕೊಂಡಿದ್ದೆ, ಆ ವಕೀಲರಾ?"

"ನನ್ನ ಕೇಳಬಹುದಿತ್ತಲ್ಲಮ್ಮಾ! ಕೊಡ್ತಿರಲಿಲ್ವಾ?"

"ಕೊಡ್ತಿದ್ದೆ, ಗೊತ್ತು. ಆದ್ರೆ ಕೇಳಬೇಕಾಗುತ್ತಲ್ಲ," ಎಂದರು ಅಮ್ಮ. ಸ್ವಲ್ಪ ಹೊತ್ತು ಮಂಡಿ ನೀವಿಕೊಂಡರು. "ಕೆಲಸಕ್ಕೆ ನನಗೇನೂ ನಾಚಿಕೆ ಇಲ್ಲಪ್ಪ. ಆದ್ರೆ ನನ್ನ ದುಡಿಮೆ ನಾನು ಒಂದ್ಸಲ ದುಡಿದು ಮುಗಿಸಿದ್ದೆ."

ಅವನಿಗೆ ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಚೀಲ ಕೆಳಗಿಟ್ಟು, ಮಾಪು ಕಿತ್ತುಕೊಂಡು ಉಳಿದ ಮೆಟ್ಟಿಲುಗಳನ್ನು ತಾನೇ ಒರೆಸಿದ. "ಮೂಲೆ ಬಿಡಬೇಡ, ಮೂಲೆ!" ಎಂದು ಅಮ್ಮ ಕುಳಿತಲ್ಲಿಂದಲೇ ತಪಾಸಣೆ ಮಾಡಿದರು. ಆಮೇಲೆ ಲಿಫ್ಟ್ ಸರಿಮಾಡಿ, ಅಮ್ಮನನ್ನು ಅದರಲ್ಲೇ ಕೆಳಗಿಳಿಸಿಕೊಂಡು ಬಂದ.

ಭಾನುವಾರ ವಾಚನಾಲಯದಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಲಿಫ್ಟಣ್ಣ ಎದ್ದ. ನಾಲ್ಕು ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ. ಕೈ ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ಹಾಕಿದ.

"ನಾನು ಲಿಫ್ಟ್ ರಿಪೇರಿಯವನು. ಲಿಫ್ಟ್ ಹತ್ತಿದವರೆಲ್ಲ ಮೋಟರೇ ತಮ್ಮನ್ನ ಎತ್ತುತ್ತೆ ಅಂದ್ಕೋತಾರೆ. ಅದು ಪೂರ್ತಿ ನಿಜ ಅಲ್ಲ. ಹಿಂದೆ, ಯಾರಿಗೂ ಕಾಣದ ಹಾಗೆ, ಕಬ್ಬಿಣದ ಗಟ್ಟಿಗಳ ಒಂದು ಭಾರ ಇರುತ್ತೆ. ಲಿಫ್ಟ್ ಮೇಲೆ ಹೋದಾಗ ಅದು ಕೆಳಗೆ ಇಳಿಯುತ್ತೆ. ಹೆಚ್ಚಿನ ಕೆಲಸ ಅದರದ್ದೇ. ಅದನ್ನ ತೆಗೆದುಬಿಟ್ರೆ ಮೋಟರ್ ಸುಟ್ಟು ಹೋಗುತ್ತೆ. ದಿನಾ ಇದೇ ಕೆಲಸ ಮಾಡೋ ನನಗೆ ನನ್ನ ಮನೇಲಿ ಆ ಭಾರ ಯಾವುದು ಅಂತ ಗೊತ್ತಿರಲಿಲ್ಲ. ಮನೇನ ನಾನೊಬ್ಬನೇ ಎತ್ತಿದ್ದೀನಿ ಅಂತ ಬೀಗ್ತಿದ್ದೆ. ಅಮ್ಮನ ಪಿಂಚಣಿ ನಿಂತಾಗ ಗೊತ್ತಾಯ್ತು."

ಅವನು ಸದಸ್ಯರ ಕಡೆ ತಿರುಗಿದ.

"ನಮ್ಮ ದುಡ್ಡು ನಮಗೆ ಬಿಡಿ ಅಂತ ಹೇಳೋಕೆ ಹೊರಟವನು ನಾನು. ಈಗ ಹಾಗೆ ಹೇಳಲ್ಲ. ನ್ಯಾಯವಾಗಿ ಹಂಚೋದಾದ್ರೆ ನಾನು ಇನ್ನೊಂದು ಚೂರು ಕೊಡೋಕೂ ತಯಾರು. ಆದ್ರೆ ಸದಸ್ಯರೇ, ನೀವು ಎರಡು ಮಾತು ಹೇಳಬೇಕು. ಯಾರಿಂದ ಎಷ್ಟು ತಗೋತೀರಿ? ನನ್ನ ಮಗಳ ಕಾಲಕ್ಕೂ ಇದು ಇರೋ ಹಾಗೆ ಏನು ಮಾಡ್ತೀರಿ? ನಿಮ್ಮ ಜಗಳ ಮುಗಿಯೋವರೆಗೆ ನಮ್ಮಮ್ಮ ಬಕೆಟ್ ಹೊರಬಾರದು."

ಬಾಗಿಲ ಹೊರಗೆ ನಿಂತ ಯುವಕರು ಕತ್ತು ಚಾಚಿ ಇಣುಕುತ್ತಿದ್ದರು. ಹಿಂದಿನ ಸಾಲಿನಿಂದ ಕಂಡಕ್ಟರಮ್ಮ ಎದ್ದು ನಿಂತರು.

"ಬಾಗಿಲಲ್ಲಿ ನಿಲ್ಲಬೇಡಿ! ಒಳಗೆ ಜಾಗ ಇದೆ, ಮುಂದೆ ಬನ್ನಿ, ಮುಂದೆ ಬನ್ನಿ!"

ಸಭೆ ಗೊಳ್ಳೆಂದು ನಕ್ಕಿತು. ಯುವಕರು ಒಳಗೆ ಬಂದರು. ಸದಸ್ಯರೂ ನಕ್ಕರು, ಆಮೇಲೆ ಗಂಭೀರವಾಗಿ ಪೆನ್ನು ತೆಗೆದರು. ಕಾನೂನಿಗೆ ಮತ ಹಾಕುವ ಮುಂಚೆ ಉತ್ತರ ಹಿಡಿದು ಇದೇ ಸಭೆಗೆ ಬರುವುದಾಗಿ ಎಲ್ಲರೆದುರು ಒಪ್ಪಿದರು. ಇಂಥ ಸಭೆಗಳು ಇನ್ನೂ ಹಲವು ಕಡೆ ನಡೆದವು, ನಿಂತಿದ್ದ ಹಣ ಬಿಡುಗಡೆಯಾಯಿತು. ಕಂಡಕ್ಟರಮ್ಮ ಮಾಪು ಒಪ್ಪಿಸಿ ಬಂದು, ಈಗ ನಿಜಕ್ಕೂ ವಾಕಿಂಗ್ ಹೋಗುತ್ತಾರೆ. ಕಾನೂನಿನ ಚರ್ಚೆ ಮುಗಿದಿಲ್ಲ. ಪೋಸ್ಟಕ್ಕ ಮತ್ತು ಲಿಫ್ಟಣ್ಣ ಮುಂದಿನ ಸಭೆಗೆ ಮನೆ ಮನೆಗೆ ಹೋಗಿ ಕರೆಯುತ್ತಿದ್ದಾರೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಭಾರವನ್ನು ಕಾಣದ ಹಾಗೆ ಹೊತ್ತಿರುವವರು ಯಾರು ಎಂದು ಇಂದು ಸಂಜೆ ಒಮ್ಮೆ ಕೇಳಿ ನೋಡಿ. ನಿಮ್ಮ ಸಂಬಳದಲ್ಲಿ ಹಿಡಿದದ್ದು ಸರಿಯಾಗಿ ಜಮೆಯಾಗುತ್ತಿದೆಯೇ ಎಂದು ವಿಚಾರಿಸಿ. ಮತ ಕೇಳಲು ಬಂದವರನ್ನು, ಅವರು ಯಾವ ಪಕ್ಷದವರೇ ಆಗಲಿ, ಪಿಂಚಣಿಗೆ ಹಣ ಎಲ್ಲಿಂದ ತರುತ್ತೀರಿ ಎಂದು ಕೇಳಿ. ಉತ್ತರ ಸಿಗುವವರೆಗೆ ಬಿಡಬೇಡಿ. ಸಭೆ ಕರೆದರೆ ಬಾಗಿಲಲ್ಲೇ ನಿಲ್ಲಬೇಡಿ.

ಒಳಗೆ ಜಾಗ ಇದೆ. ಮುಂದೆ ಬನ್ನಿ.