ಒದ್ದೆ ತಲೆ

ಮ್ಯಾರ್ತಾಳ ಮನೆಯ ಬೀಗದ ಕೈ ನಸ್ರೀನಳ ಹತ್ತಿರ ಇತ್ತು, ಹೊಟ್ಟೆಯಲ್ಲಿ ಹುಟ್ಟಿದ ಮಗಳು ಗುನ್ನೆಲ್ ಹತ್ತಿರ ಇರಲಿಲ್ಲ. ಗುನ್ನೆಲ್‌ಗೆ ಹೊಟ್ಟೆ ಉರಿಯುತ್ತಿದ್ದದ್ದು ಇದಕ್ಕೇ. ಯಾರು ಈ ನಸ್ರೀನ್? ನೋರ್ಶೋಪಿಂಗ್ ಊರಿನ ಪುರಸಭೆಯವರು ವಯಸ್ಸಾದವರ ಮನೆಗಳಿಗೆ ಕಳಿಸುವ ಸಹಾಯಕಿ. ಅವಳು ಸಲೀಸಾಗಿ ಬೀಗ ತೆಗೆದು ಒಳಗೆ ಹೋಗಿ, ಎಂಬತ್ತೇಳರ ಮ್ಯಾರ್ತಾಳ ಬೆನ್ನುಜ್ಜಿ, ತಲೆ ತೊಳೆದು, ಬಾಚಿ ಬರುತ್ತಿದ್ದಳು. ಮಗಳಾದರೋ ಭಾನುವಾರ ಮೂರು ಗಂಟೆಗೆ ಬೆಲ್ ಒತ್ತಿ ಹೊರಗೆ ನಿಲ್ಲಬೇಕು. ಬೇಗ ಬಂದರೆ ಕೆಳಗೆ ಚಳಿಯಲ್ಲಿ ಅಡ್ಡಾಡಬೇಕು. ಆ ಕಡೆಯವರಿಗೆ ಹೇಳಿದ ಹೊತ್ತಿಗಿಂತ ಮುಂಚೆ ಬಾಗಿಲು ತಟ್ಟುವವರೆಂದರೆ ಆಗದು.

"ಅಮ್ಮಾ, ಕಾಲುಗುರು ಬೆಳೆದಿದೆ. ನಾನು ಕತ್ತರಿಸ್ಲಾ?"

"ನಿನಗ್ಯಾಕೆ? ನಾನಿನ್ನೂ ಯಾರ ಹಂಗಿನಲ್ಲೂ ಬಿದ್ದಿಲ್ಲ. ನಾಳೆ ನಸ್ರೀನ್ ಬರ್ತಾಳೆ."

ನೋಡಿ ಹೇಗಿದೆ! ಹೊರಗಿನವಳ ಕೈಲಿ ಬೆನ್ನುಜ್ಜಿಸಿಕೊಂಡರೆ ಸ್ವಾತಂತ್ರ್ಯವಂತೆ, ಮಗಳ ಕೈಲಿ ಉಗುರು ತೆಗೆಸಿಕೊಂಡರೆ ಹಂಗಂತೆ!

ಫೆಬ್ರವರಿಯ ಒಂದು ಭಾನುವಾರ ನಸ್ರೀನ್ ರಜೆ ಹಾಕಿದ್ದಾಳೆಂದು ತಿಳಿದು ಗುನ್ನೆಲ್‌ಗೆ ಒಳಗೊಳಗೇ ಹಬ್ಬ. ಇವತ್ತಾದರೂ ಅಮ್ಮನ ತಲೆ ತನ್ನ ಕೈಗೆ ಸಿಕ್ಕೀತು ಎಂದುಕೊಂಡು, ಏಲಕ್ಕಿ ಬನ್ ಕಟ್ಟಿಸಿಕೊಂಡು, ಫೋನೂ ಮಾಡದೆ ಹನ್ನೆರಡಕ್ಕೇ ಹೋಗಿ ಬೆಲ್ ಒತ್ತಿಬಿಟ್ಟಳು.

ಮ್ಯಾರ್ತಾ ಬಾಗಿಲು ತೆರೆದಳು. ಜಿಡ್ಡುಗಟ್ಟಿದ ಕೂದಲು ಹಣೆಗೆ ಅಂಟಿತ್ತು, ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿತ್ತು. ಅಮ್ಮನನ್ನು ಈ ಅವತಾರದಲ್ಲಿ ಗುನ್ನೆಲ್ ಎಂದೂ ಕಂಡಿರಲಿಲ್ಲ.

"ಮೂರಾಯ್ತಾ ಆಗ್ಲೇ?" ಮ್ಯಾರ್ತಾಳ ಕೈ ತಲೆಗೆ ಹೋಯಿತು.

"ಇಲ್ಲಮ್ಮ. ನಸ್ರೀನ್ ಇಲ್ವಲ್ಲ, ಬಾ, ತಲೆ ನಾನೇ ತೊಳೀತೀನಿ."

"ಬೇಡ. ಬದಲಿಯವಳು ಬರ್ತಾಳೆ."

"ಅವಳ ಮುಖಾನೂ ನೀನು ನೋಡಿಲ್ಲ!"

"ಅದಕ್ಕೇನೀಗ?"

ಅಷ್ಟರಲ್ಲಿ ಬೀಗ ತಿರುಗಿದ ಸದ್ದಾಯಿತು. ದಪ್ಪನೆಯ ಹೆಂಗಸೊಬ್ಬಳು ಒಳಬಂದು, "ನಾನು ಉಲ್ಲಾ. ತಲೆಗೆ ನೀರು ಹಾಕೋಣ್ವಾ ಮ್ಯಾರ್ತಾ?" ಎಂದಳು. ಮ್ಯಾರ್ತಾ ಅವಳ ತೋಳು ಹಿಡಿದು ನಡೆದಳು. ಬಚ್ಚಲ ಬಾಗಿಲು ಮುಚ್ಚಿತು. ನೀರಿನ ಸದ್ದಿನ ನಡುವೆ ಅಮ್ಮನ ನಗು ಕೇಳಿಸಿತು.

ಗುನ್ನೆಲ್ ಬನ್ನಿನ ಪೊಟ್ಟಣ ಹಿಡಿದು ಅಲ್ಲೇ ನಿಂತಿದ್ದಳು. ಇಷ್ಟು ದಿನ ನಸ್ರೀನಳ ಮೇಲೆ ಕರುಬಿದ್ದೆಲ್ಲ ದಂಡ! ದಾರಿಯಲ್ಲಿ ಹೋಗುವ ಯಾರಾದರೂ ಆದೀತು, ಮಗಳು ಮಾತ್ರ ಆಗಲಾರಳು.

ಉಲ್ಲಾ ಹೊರಟಿದ್ದೇ ತಡ, ಗುನ್ನೆಲ್ ತಡೆಯಲಾರದೆ ಕೇಳಿಬಿಟ್ಟಳು: "ಗುರುತಿಲ್ಲದವಳು ಆಗ್ತಾಳೆ, ನಾನ್ಯಾಕಮ್ಮ ಆಗಲ್ಲ?"

"ಬಸ್ ಹತ್ತೋ ಹೊತ್ತಿಗೆ ಅವಳು ನನ್ನ ಬೆನ್ನು ಮರೆತಿರ್ತಾಳೆ. ನೀನು ಮರೀತೀಯಾ?"

ಗುನ್ನೆಲ್ ಬನ್ನಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು.

"ಭಾನುವಾರಾನೇ ತಲೆ ತೊಳಿಸ್ಕೊಳ್ಳೋದು ಯಾಕೆ ಅಂದ್ಕೊಂಡೆ? ಮೂರಕ್ಕೆ ನೀನು ಬರ್ತೀಯ ಅಂತ ಕಣೇ."

ಗುನ್ನೆಲ್‌ಗೆ ಇದನ್ನು ಕೇಳಿಯೂ ಹೊಟ್ಟೆಯ ಉರಿ ಆರಲಿಲ್ಲ. ಒಣಗಿ ಬಾಚಿದ ತಲೆ ಮಗಳ ಪಾಲಿಗೆ, ಒದ್ದೆ ತಲೆ ಊರವರ ಪಾಲಿಗೆ. ಅವಳಿಗೆ ಬೇಕಿದ್ದದ್ದು ಆ ಒದ್ದೆ ತಲೆಯೇ.

ಅಮ್ಮನ ಕಿವಿಯ ಹಿಂದಿನಿಂದ ಒಂದು ಹನಿ ಇಳಿಯುತ್ತಿತ್ತು. ಗುನ್ನೆಲ್ ಕೈ ತಾನಾಗಿ ಅತ್ತ ಹೋಯಿತು. ಮ್ಯಾರ್ತಾ ಟವೆಲ್ ಎಳೆದುಕೊಂಡು ತಾನೇ ಒರೆಸಿಕೊಂಡಳು.

"ಕೂತ್ಕೋ. ಕಾಫಿಗೆ ಒಳ್ಳೇ ಕಪ್-ಸಾಸರ್ ತೆಗೀತೀನಿ" ಎಂದಳು.

ಗುನ್ನೆಲ್ ಕೂತಳು, ಮನೆಗೆ ಬಂದ ನೆಂಟರ ಹಾಗೆ.