ದಾನದ ತೊಟ್ಟಿಲು

ಈ ತೊಟ್ಟಿಲಲ್ಲಿ ಮಕ್ಕಳ ಉಸಿರು ಕಟ್ಟುತ್ತಿದೆ, ಮುರಿದು ಎಸೆಯಿರಿ, ಯಾರಿಗೂ ಕೊಡಬೇಡಿ ಎಂದು ಅದನ್ನು ತಯಾರಿಸಿದ ಕಂಪನಿಯಿಂದ ಕಾಗದ ಬಂದಾಗ ಓಹಾಯೋದ ಗ್ರೆಚನ್‌ಗೆ ಹೊಟ್ಟೆ ಉರಿಯಿತು. ಅವರಿಗೇನು, ಹೇಳಿಬಿಡುತ್ತಾರೆ. ಮಗ ಮಲಗಿ ಬೆಳೆದ, ಇಷ್ಟು ಚೆಂದದ ತೊಟ್ಟಿಲನ್ನು ಮುರಿಯುವುದುಂಟೇ? ಸದ್ದಿಲ್ಲದೆ ಚರ್ಚಿನ ದಾನದ ಕೋಣೆಯಲ್ಲಿ ಇಟ್ಟುಬಂದಳು.

ಎರಡು ವರ್ಷದ ನಂತರ ಗ್ರೆಚನ್ ಮತ್ತೆ ಬಸುರಿಯಾದಳು. ಗೆಳತಿಯರು ಉಡುಗೊರೆ ಕೊಡಲು ಸೇರಿದ ದಿನ ಪಕ್ಕದ ಮನೆಯ ಮಾರ್ಲಿಸ್ ರಿಬ್ಬನ್ ಕಟ್ಟಿದ ತೊಟ್ಟಿಲೊಂದನ್ನು ಎಳೆದು ತಂದಳು. ಅದರ ಅಂಚಿನಲ್ಲಿ ಗ್ರೆಚನ್‌ಳ ಮಗನದೇ ಹಲ್ಲಿನ ಗುರುತು.

"ಚರ್ಚಲ್ಲಿ ಸಿಕ್ತು ಕಣೇ! ಯಾವ ಪುಣ್ಯಾತ್ಗಿತ್ತಿ ಕೊಟ್ಲೋ, ಅವಳ ಹೊಟ್ಟೆ ತಣ್ಣಗಿರ್ಲಿ!"

ಗ್ರೆಚನ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಉಡುಗೊರೆಯನ್ನಂತೂ ಮುರಿಯುವ ಹಾಗಿಲ್ಲವಲ್ಲ. ಭಾನುವಾರ ತೊಟ್ಟಿಲು ಮತ್ತೆ ದಾನದ ಕೋಣೆ ಸೇರಿತು, ಈ ಸಲ ರಿಬ್ಬನ್ ಸಮೇತ.