ಉಡಿ ತುಂಬಿಸಿಕೊಂಡು ಬಂದವಳು

ಶಿವಬಸವ ನಗರದ ಆ ಮನೆಗೆ ಮಾರಾಟದ ಫಲಕ ತೂಗುಬಿದ್ದ ದಿನದಿಂದ ಕಾಂತಾಳ ಅಡುಗೆಮನೆ ಬಜಾರವಾಯಿತು. ಹೊತ್ತಿಲ್ಲ ಗೊತ್ತಿಲ್ಲ, ಯಾರೋ ಬರುವರು. ಗೋಡೆ ಬಡಿದು ನೋಡುವರು, ನಲ್ಲಿ ತಿರುಗಿಸುವರು, ಅವಳ ಹಿಟ್ಟಿನ ಡಬ್ಬಿ ಸರಿಸಿ ಹಿಂದೆ ಹಸಿ ಹಿಡಿದಿದೆಯೇ ಎಂದು ಮೂಗು ಹಚ್ಚುವರು. ಒಬ್ಬ ಮಹಾಶಯನಂತೂ ಮಂಚದ ಮೇಲಿದ್ದ ಅವಳ ಗಂಡನನ್ನು ನೋಡಿ, "ಇವ್ರು ಯಾವಾಗ ಹೋಗವ್ರು?" ಎಂದು ದಲ್ಲಾಳಿಯನ್ನು ಕೇಳಿದ. ಅವಳ ಕೈಯಲ್ಲಿ ಸೌಟಿತ್ತು. ಅದನ್ನು ಅವನ ತಲೆಗೆ ಹಾಕದೆ ಬಿಟ್ಟಿದ್ದು ಅವಳ ದೊಡ್ಡತನ.

ಗುರುಪಾದಪ್ಪನಿಗೆ ಎರಡೂ ಕಿಡ್ನಿ ಕೈಕೊಟ್ಟು ಒಂದೂವರೆ ವರ್ಷ. ವಾರಕ್ಕೆ ಮೂರು ದಿನ ಬೆಳಗಿನ ಆರಕ್ಕೆ ಡಯಾಲಿಸಿಸ್ ಪಾಳಿ. ಹೊತ್ತಿಗೆ ಹೋಗದಿದ್ದರೆ ಆ ಖುರ್ಚಿ ಮುಂದಿನವರಿಗೆ ಹೋಗುತ್ತದೆ. ಮನೆಯಿಂದ ಆಸ್ಪತ್ರೆಗೆ ಹತ್ತು ನಿಮಿಷದ ದಾರಿ, ಅವನು ಹತ್ತಿಳಿಯಬೇಕಾದ ಮೆಟ್ಟಿಲು ಒಂದೂ ಇಲ್ಲ. ಮೇ ತಿಂಗಳಲ್ಲಿ ಅವನ ಅಕ್ಕ ಸಂಗವ್ವ ಕಿಡ್ನಿ ಕೊಡುವವಳು, ಆಪರೇಷನ್ನಿಗೆ ದಿನವೂ ನಿಕ್ಕಿಯಾಗಿತ್ತು. ಈಗ ಜನವರಿ. ಅಲ್ಲಿಯ ತನಕ ಈ ಮನೆ ಉಳಿಯಬೇಕು, ಅಷ್ಟೇ ಅವಳ ಕೋರಿಕೆ. ದೇವರ ಮುಂದೆ ನಿಂತಾಗಲೂ ಬೇರೇನೂ ಕೇಳುತ್ತಿರಲಿಲ್ಲ.

ಓಣಿಯ ವಕೀಲ ಗೌರೀಶನ ಬಳಿ ಬಾಡಿಗೆ ಕರಾರು ಒಯ್ದು ತೋರಿಸಿದಳು. ಅವನು ಎರಡು ಸಲ ಓದಿದ.

"ಕರಾರು ಜೂನ್ ಆಖೈರಿಗೆ ಮುಗೀತೈತಿ ಅಕ್ಕಾ. ಮನಿ ಮಾರಿದ್ರ ಮಾಲಕ ಬದಲಾಗ್ತಾನ, ಕರಾರು ಬದಲಾಗಂಗಿಲ್ಲ. ಹೊಸಾ ಮಾಲಕಗ ಭಾಡಿಗಿ ಕೊಟ್ಕೊಂತ ಆರಾಮ ಇರ್ರಿ. ಒಂದ ಮಾತು, ಏನರ ಕಾಗದ ತಂದ್ರ ಸಹಿ ಮಾಡಬ್ಯಾಡ್ರಿ."

"ದಬಾಯಿಸಿದ್ರ?"

"ದಬಾಯಿಸ್ಲಿ. ನೀವಾಗಿ ಬಿಡೂ ತನಕ ಯಾರೂ ಬಿಡಿಸಾಕ ಆಗಂಗಿಲ್ಲ."

ಆ ಮಾತು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಳು. ಮಾಲೀಕ ಬಿಂದುಮಾಧವ ಬಂದಾಗ, ಕೊಳ್ಳುವವನಿಗೆ ಖಾಲಿ ಮನೆಯೇ ಬೇಕಂತೆ ಎಂದಾಗ, ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸಿದಳು. ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದಳು ಪಾಪ. ಅವನು ಜಗಳವಾಡಲೇ ಇಲ್ಲ.

"ಖರೇ ಅದ ನೀವನ್ನೂದು" ಎಂದ. ಚಹಾ ಕುಡಿದ. ಗುರುಪಾದಪ್ಪನ ಕಾಲಿನ ಬಾವು ವಿಚಾರಿಸಿದ. ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಆಯಿ ನಿಮ್ಮನ್ನ ಭಾಳ ನೆನಸ್ಲಿಕತ್ತಾಳ್ರೀ. ರವಿವಾರ ಖಾನಾಪುರಕ್ಕ ಊಟಕ್ಕ ಬರ್ರಿ" ಎಂದ.

ಆಯಿ ಎಂದರೆ ಅವನ ತಾಯಿ ಗಂಗೂಬಾಯಿ. ಮೊದಲು ಇದೇ ಮನೆಯ ಮೇಲಿನ ಕೋಣೆಯಲ್ಲಿದ್ದವಳು, ಮೊಣಕಾಲು ಸೋತ ಮೇಲೆ ಖಾನಾಪುರ ಸೇರಿದ್ದಳು. ಒಂಬತ್ತು ವರ್ಷ ಕಾಂತಾಳನ್ನು "ನಮ್ಮ ಹುಡುಗಿ" ಎಂದೇ ಕರೆದವಳು. ಗುರುಪಾದಪ್ಪನಿಗೆ ಮೊದಲ ಸಲ ಸೂಜಿ ಚುಚ್ಚಿದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕಾಂತಾಳ ಬಾಜು ಕೂತವಳು ಅವಳೊಬ್ಬಳೇ. ಸ್ವಂತ ತವರು ಹೆಸರಿಗಷ್ಟೇ ಉಳಿದ ಹೆಣ್ಣುಮಗಳಿಗೆ ಅಂಥ ಮುದುಕಿ ಕರೆದರೆ ಹೋಗದೇ ಇರಲಾದೀತೇ? ಕಾಗದ ಬಂದರೆ ಸಹಿ ಮಾಡುವುದಿಲ್ಲ ಎಂದು ಗಂಡನಿಗೆ ಮಾತು ಕೊಟ್ಟು, ಮುಂಜಾನೆಯ ಬಸ್ಸು ಹತ್ತಿದಳು.

ಖಾನಾಪುರದ ಮನೆಯಲ್ಲಿ ಹೋಳಿಗೆ, ಕಟ್ಟಿನ ಸಾರು. ಕಾಗದದ ಸುದ್ದಿಯೇ ಇಲ್ಲ. ಅವಳು ಬಿಂದುಮಾಧವನ ಕಿಸೆಯನ್ನೇ ನೋಡುತ್ತ ಉಂಡಳು. ಕಿಸೆಯಲ್ಲಿ ಕನ್ನಡಕ ಬಿಟ್ಟರೆ ಏನೂ ಇರಲಿಲ್ಲ. ಪಡಸಾಲೆಯಲ್ಲಿ ಮನೆ ಕೊಳ್ಳುವವನು ಹೆಂಡತಿಯೊಡನೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ.

ಊಟವಾದ ಮೇಲೆ ಬಿಂದುಮಾಧವನ ಹೆಂಡತಿ ಕೇತಕಿ ಪಡಸಾಲೆಯಲ್ಲಿ ಮಣೆ ಹಾಕಿದಳು. ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಶಿಣದ ಕೊಂಬು, ಹಸಿರು ಬಳೆ, ಒಂದು ಇಳಕಲ್ಲ ಸೀರೆ.

"ಇದ್ಯಾಕ್ರೀ ಆಯಿ?"

"ಮಗಳನ್ನ ಬರೇ ಉಡೀಲೆ ಕಳಿಸ್ತಾರೇನ?" ಗಂಗೂಬಾಯಿಯ ಕಣ್ಣು ತುಂಬಿತ್ತು. "ಬಿಂದು ಹೇಳಿದಾ, ಮನಿ ಬಿಟ್ಟ ಹೊಂಟೀ ಅಂತ. ನಂದಗಡದಾಗ ನಮ್ಮ ಮನಿ ಖಾಲೀ ಅದ, ಅಲ್ಲಿರು. ಭಾಡಿಗಿ ಕೊಡಬ್ಯಾಡ."

"ಆಯಿ, ನಾ ಹಂಗ ಅಂದ..."

"ಉಡಿ ತುಂಬೂ ಮುಂದ ಇಲ್ಲಾ ಅನಬಾರದವಾ." ಮುದುಕಿ ಅವಳ ಬಾಯಿಗೆ ಬೆರಳಿಟ್ಟಳು. "ಗುರುಪಾದನ ಆಯುಷ್ಯದ ಹೆಸರಿಲೆ ತುಂಬಸ್ಲಿಕತ್ತೀನಿ. ನಿನ್ನ ಮುತ್ತೈದಿತನ ಗಟ್ಟಿ ಇರ್ಲಿ. ಸೆರಗ ಒಡ್ಡು."

ಮುದುಕಿಯದು ಕಪಟವಲ್ಲ. ಮಗ ಹೇಳಿದ್ದನ್ನು ನಂಬಿ, ಮೂರು ದಿನದಿಂದ ಅತ್ತು, ತನ್ನ ಪೆಟ್ಟಿಗೆಯ ಸೀರೆ ತೆಗೆದಿದ್ದಳು. ಕಪಟವೆಲ್ಲ ಬಾಗಿಲಿಗೆ ಒರಗಿ ನಿಂತು ಉಗುರು ನೋಡಿಕೊಳ್ಳುತ್ತಿದ್ದವನದು. ಕಾಯ್ದೆ ಓದಿದ ಗೌರೀಶನಿಗೆ ಹೊಳೆಯದ ದಾರಿ ಅವನಿಗೆ ಹೊಳೆದಿತ್ತು. ಹಾಳಾದವನು!

ಕಾಂತಾಳಿಗೆ ಸತ್ತುಹೋದ ತನ್ನ ತಾಯಿಯ ಮಾತು ನೆನಪಾಯಿತು. ಮನೆ ಬಿಟ್ಟು ಹೊರಡುವವಳೆಂದು ಉಡಿ ತುಂಬಿಸಿಕೊಂಡವಳು ತಾನಿರುವ ಮನೆ ಬಿಡಲೇಬೇಕು, ಅಲ್ಲೇ ಕೂತರೆ ಯಾರ ಹೆಸರಿನ ಉಡಿಯೋ ಅವರಿಗೆ ಕೆಡುಕು ತಾಗುತ್ತದೆ ಎನ್ನುತ್ತಿದ್ದಳು. ಇಲ್ಲವೆಂದು ಎದ್ದು ನಿಲ್ಲಬಹುದಿತ್ತು. ಎದ್ದರೆ ಗಂಡನ ಆಯುಷ್ಯ ಬೇಡವೆಂದು ನಾಲ್ಕು ಜನರೆದುರು ಒದ್ದಂತೆ. ಕೂತರೆ ಮನೆ ಹೋಯಿತು, ಖಾನಾಪುರದಿಂದಲೂ ಆಚೆಯ ನಂದಗಡದಿಂದ ಆರರ ಪಾಳಿಗೆ ಬಸ್ಸೇ ಗತಿ. ಇಂಥ ಮಾತನ್ನೆಲ್ಲ ನಂಬುವವಳಲ್ಲ ಎಂದು ಇಷ್ಟು ದಿನ ತಿಳಿದಿದ್ದಳು. ನಾಡಿದ್ದು ಬೆಳಿಗ್ಗೆ ಅವನ ತೋಳಿಗೆ ಮತ್ತೆ ಆ ದಪ್ಪ ಸೂಜಿ ಚುಚ್ಚುವುದಿದೆ ಎಂಬುದು ನೆನಪಾದದ್ದೇ ತಡ, ಕೈ ತಾನಾಗಿ ಸೆರಗು ಒಡ್ಡಿತು.

ಕೇತಕಿ ಮುಖ ನೋಡದೆ ಐದು ಹಿಡಿ ಅಕ್ಕಿ ಸುರಿದಳು. ಕಾಂತಾ ಪದ್ಧತಿಯಂತೆ ಒಂದು ಹಿಡಿ ಮೊರಕ್ಕೆ ಹಿಂದಿರುಗಿಸಿದಳು, ತವರು ಬರಿದಾಗಬಾರದಲ್ಲ. ಕೊಳ್ಳುವವನ ಹೆಂಡತಿ, "ಹುಣ್ಣಿಮಿಗೆ ನಾವು ಹಾಲ ಉಕ್ಕಸ್ತೀವ್ರಿ ಹಂಗಾರ" ಎಂದಳು.

ಬಿಂದುಮಾಧವ ಬಸ್‌ ನಿಲ್ದಾಣದ ತನಕ ಬಂದ. "ಸಾಮಾನು ಒಯ್ಲಿಕ್ಕೆ ಗಾಡಿ ನಾ ಕಳಸ್ತೀನ್ರೀ, ಕಾಳಜಿ ಮಾಡಬ್ಯಾಡ್ರಿ" ಎಂದ. ಕಾಂತಾ ಅವನ ಮುಖವನ್ನೇ ನೋಡಿದಳು. ಬೈಗುಳ ಗಂಟಲ ತನಕ ಬಂತು. ತುಂಬಿದ ಉಡಿಯಲ್ಲಿ ಬಯ್ಯಬಾರದೆಂದು ಅದನ್ನೂ ನುಂಗಿದಳು.

ಮನೆಗೆ ಬಂದಾಗ ಸಂಜೆ ಐದು. ಗುರುಪಾದಪ್ಪ ದಿಂಬಿಗೆ ಒರಗಿ ಎದ್ದು ಕೂತ.

"ಸಹಿ ಮಾಡಿದೇನು?"

"ಇಲ್ರಿ. ಕಾಗದಾನ ತಗೀಲಿಲ್ಲ."

"ಶಾಬಾಸ್!" ಎಷ್ಟೋ ದಿನಗಳ ಮೇಲೆ ಅವನು ನಕ್ಕ. "ಹಂಗಾರ ಇನ್ನ ಯಾರಪ್ಪಗೂ ಅಂಜೂದಿಲ್ಲ ಬಿಡು."

ಅವಳು ದೇವರ ಜಗಲಿಯ ಮುಂದೆ ಉಡಿ ಬಿಚ್ಚಿದಳು. ಆಮೇಲೆ ಸ್ಟೂಲು ಎಳೆದು, ಮಂಚದ ಬದಿಯ ಮೇಲಿನ ಹಲಗೆಯಿಂದ ದೊಡ್ಡ ಪಾತ್ರೆಗಳನ್ನು ಒಂದೊಂದಾಗಿ ಇಳಿಸತೊಡಗಿದಳು.

"ಏ, ಅವನ್ಯಾಕ ಇಳಸಾಕ ಹತ್ತಿ? ಸಹಿ ಮಾಡಿಲ್ಲ ಅಂದ್ಯಲ್ಲ."

"ಉಡಿ ತುಂಬಿಸಿಕೊಂಡ ಬಂದೀನ್ರಿ. ನಂದಗಡಕ್ಕ ಕಳಿಸಾಕ ತುಂಬ್ಯಾರ."

ಅವನು ಜಗಲಿಯ ಮುಂದಿನ ಅಕ್ಕಿ ನೋಡಿದ. ಮುಖ ಕೆಂಪಾಯಿತು. "ಅಲ್ಲೇ ಒಗದ ಬರಬೇಕಿತ್ತಲಾ! ಹುಚ್ಚಿ, ಉಡಿ ಅಂದ್ರ ಕೋರ್ಟ್ ಹುಕುಮ್ ಏನು?"

"ನಿಮ್ಮ ಆಯುಷ್ಯದ ಹೆಸರಿಲೆ ತುಂಬಿದ್ರು" ಎಂದಳು ಕಾಂತಾ, ಸ್ಟೂಲಿನ ಮೇಲೆ ನಿಂತೇ. "ಬ್ಯಾಡಂತ ಹೆಂಗ ಅನ್ಲಿ?"

ಅವನು ಬಾವು ಬಂದ ಕಾಲನ್ನು ಮಂಚದಿಂದ ಇಳಿಬಿಟ್ಟು, ಅವಳು ಇಳಿಸುತ್ತಿದ್ದ ಪಾತ್ರೆಗಳನ್ನು ಒಂದೊಂದಾಗಿ ಈಸಿಕೊಂಡು ನೆಲಕ್ಕಿಟ್ಟ. ನಾಲ್ಕನೆಯ ಪಾತ್ರೆ ಕೈಗೆ ಬಂದಾಗ ಕೇಳಿದ:

"ನಂದಗಡದಿಂದ ಮುಂಜಾನಿ ಮೊದಲನೇ ಬಸ್ ಎಷ್ಟಕ್ಕೈತಿ?"

"ಆರೂವರಿಗೆ" ಎಂದಳು ಅವಳು.